ಪಿಟ್ಟೆ ಆರಿಸಿಕೊಂಡ ವಿಜ್ಞಾನ

ಜೂನ್ ೧೬, ಗುರುವಾರ

ನನ್ನ ಪಿಟ್ಟೆಗೆ ಅಜ್ಜಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನೀನೂ ಹಾಗೇ ಇದ್ದೀಯ ಎಂದು ನಿನ್ನ ಪತ್ರವೇ ಹೇಳಿತು. ಮೈ ಸರಿಯಿಲ್ಲದವಳು ಹಾಸ್ಟೆಲಿನ ಸೊಳ್ಳೆಗಳ ಬಗ್ಗೆ ಒಂದೂವರೆ ಪುಟ ಬರೆಯಲಾರಳು. ಆ ಪತ್ರ ಬಂದು ಇವತ್ತಿಗೆ ಹನ್ನೆರಡು ದಿನ. ತಡವಾಯಿತೆಂದು ಅಜ್ಜಿಯ ಮೇಲೆ ಮುನಿಸಿಕೊಳ್ಳಬೇಡ. ಮೊದಲ ನಾಲ್ಕು ದಿನ ನನ್ನ ಕನ್ನಡಕದ ಕಾಲು ಮುರಿದಿತ್ತು. ಉಳಿದ ಎಂಟು ದಿನ ನಿನ್ನಪ್ಪನ ಜೊತೆ ಜಗಳವಾಡುವುದರಲ್ಲೇ ಹೋಯಿತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಹಾಸ್ಟೆಲಿನವರು ಭಾನುವಾರ ಹತ್ತು ನಿಮಿಷ ಕೊಡುತ್ತಾರೆ, ಅದರಲ್ಲಿ ಒಂಬತ್ತು ನಿಮಿಷ ನಿನ್ನಪ್ಪನೇ ಪಾಠ ಮಾಡುತ್ತಾನೆ. ಈ ಲಕೋಟೆಯಲ್ಲಿ ಇನ್ನೊಂದು ಕಾಗದ ಮಡಚಿ ಇಡುತ್ತಿದ್ದೇನೆ. ಅದನ್ನು ಈಗಲೇ ಬಿಚ್ಚಬೇಡ. ನಾನು ಹೇಳುವುದನ್ನು ನಾನು ಹೇಳುವ ಕ್ರಮದಲ್ಲೇ ಕೇಳು.

"ಅಜ್ಜಿ, ನೀನು ಮೂವತ್ತೊಂದು ವರ್ಷ ಶಾಲೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವಳು. ನನಗೆ ಎರಡು ವರ್ಷದಲ್ಲಿ ಆರು ವಿಷಯ, ಒಂದೊಂದಕ್ಕೂ ಒಂದು ಸ್ವಂತ ಸಂಶೋಧನೆ, ಅದು ಸಾಲದೆಂದು ನಾಲ್ಕು ಸಾವಿರ ಪದಗಳ ಪ್ರಬಂಧ. ನನಗೆ ಬೇಕಾದದ್ದು ಇತಿಹಾಸ ಮತ್ತು ಭಾಷೆ. ಆದರೆ ಒಂದು ವಿಜ್ಞಾನ ತೆಗೆದುಕೊಳ್ಳಲೇಬೇಕಂತೆ. ಯಾವುದನ್ನು ತೆಗೆದುಕೊಂಡರೆ ರಾತ್ರಿ ನಿದ್ದೆ ಮಾಡಬಹುದು?" ಎಂದು ಪತ್ರದಲ್ಲಿ ನೀನು ಕೇಳಿದ್ದೆ. ಜೊತೆಗಿದ್ದ ಫಾರಂನಲ್ಲಿ ಪರಿಸರ ವಿಜ್ಞಾನ ಎಂದು ಪೆನ್ನಿನಲ್ಲಿ ತುಂಬಿ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಆ ಚಿಹ್ನೆ ನೋಡಿ ನನಗೆ ಸಿಟ್ಟು ಬಂತು. ಬೇಕಾದದ್ದನ್ನು ಕೇಳುವಾಗ ಕಳ್ಳಿಯ ಹಾಗೆ ಕೇಳುವುದು ಯಾಕೆ?

ಇಪ್ಪತ್ತೈದನೇ ತಾರೀಕಿನೊಳಗೆ ಪೋಷಕರ ಸಹಿಯೊಂದಿಗೆ ಫಾರಂ ತಲುಪದಿದ್ದರೆ, ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಕೂರಿಸುತ್ತೇವೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಜಾಗ ಖಾಲಿ ಇರುವುದು ಯಾವಾಗಲೂ ಭೌತಶಾಸ್ತ್ರದಲ್ಲಿ. ಇದು ನನ್ನ ಊಹೆಯಲ್ಲ, ಕಣ್ಣಾರೆ ಕಂಡದ್ದು.

ನಾನು ಓದಿದ್ದು ಏಳನೇ ತರಗತಿ. ಆದರೆ ಯಾವ ವಿಜ್ಞಾನ ಮಕ್ಕಳನ್ನು ಏನು ಮಾಡುತ್ತದೆ ಎಂಬುದು ಕಪ್ಪುಹಲಗೆಯ ಪಕ್ಕ ನಿಂತವರಿಗಿಂತ ತೊಳೆಯುವ ತೊಟ್ಟಿಯ ಪಕ್ಕ ನಿಂತವರಿಗೆ ಚೆನ್ನಾಗಿ ಗೊತ್ತಿರುತ್ತದೆ. ರಸಾಯನಶಾಸ್ತ್ರದ ಮಕ್ಕಳು ತಳ ಸುಟ್ಟ ಗಾಜಿನ ನಳಿಕೆಗಳನ್ನು ಬಿಟ್ಟು, ಅಂಗಿಯಲ್ಲಿ ತೂತು ಮಾಡಿಕೊಂಡು ಹೋಗುತ್ತಿದ್ದರು. ಜೀವಶಾಸ್ತ್ರದವರು ಉದ್ದುದ್ದ ಹೆಸರುಗಳನ್ನು ಗೊಣಗುತ್ತಾ ಓಡಾಡುತ್ತಿದ್ದರು, ಊಟದ ಡಬ್ಬಿ ತೆರೆದರೂ ಬಾಯಲ್ಲಿ ಅದೇ ಜಪ. ಭೌತಶಾಸ್ತ್ರದ ಸಾಮಾನು ಮಾತ್ರ ಕೊಟ್ಟ ಹಾಗೇ ಶುಚಿಯಾಗಿ ವಾಪಸು ಬರುತ್ತಿತ್ತು, ತಂದುಕೊಡುವ ಮಕ್ಕಳ ಮುಖ ಇಂಗು ತಿಂದ ಮಂಗನ ಹಾಗಿರುತ್ತಿತ್ತು. ಇನ್ನು ಪರಿಸರ ವಿಜ್ಞಾನದವರು ಕೆಸರು ಮೆತ್ತಿದ ಬೂಟುಗಳಲ್ಲಿ ಬಂದು, ಚರಂಡಿ ನೀರನ್ನೆಲ್ಲ ಸುರಿದು ನನ್ನ ತೊಟ್ಟಿ ಕಟ್ಟಿಕೊಳ್ಳುವ ಹಾಗೆ ಮಾಡುತ್ತಿದ್ದರು. ಅವರಿಗೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ. ಬೈಸಿಕೊಂಡೂ ನಗುತ್ತಿದ್ದವರು ಅವರು ಮಾತ್ರ.

ಹಾಗೆಂದು ಅದನ್ನು ಬಿಟ್ಟಿ ವಿಷಯ ಅಂದುಕೊಳ್ಳಬೇಡ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಲೆಕ್ಕ ಕಡಿಮೆ, ಸೂತ್ರ ಕಡಿಮೆ, ನಿಜ. ಆದರೆ ಬರೆಯುವುದು ಜಾಸ್ತಿ, ಬರೆದದ್ದಕ್ಕೆಲ್ಲ ಆಧಾರ ಬೇಕು. ಮಾಲಿನ್ಯ ಕೆಟ್ಟದ್ದು ಎಂದು ನಾಲ್ಕು ಸಾಲು ಗೀಚಿದರೆ ಸೊನ್ನೆ. ಯಾವ ಕೆರೆ, ಯಾವ ವರ್ಷ, ಎಷ್ಟು ಮೀನು ಸತ್ತವು ಎಂದು ಹೇಳಬೇಕು. ಸುಲಭ ಎಂದು ಬಂದ ಸೋಮಾರಿಗಳು ಅಲ್ಲೇ ಮುಗ್ಗರಿಸುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಇತಿಹಾಸ ಓದುವವಳಿಗೆ ಆ ಭಯ ಬೇಡ. ಏನಾಯಿತು, ಯಾಕಾಯಿತು, ಯಾರಿಂದಾಯಿತು ಎಂದು ಕೆದಕುವ ಚಟ ನಿನಗೆ ಹುಟ್ಟಿನಿಂದಲೇ ಇದೆ, ಒಡೆದ ಲೋಟದ ತನಿಖೆ ಮಾಡಿ ನಿನ್ನಪ್ಪನನ್ನು ಹಿಡಿದುಕೊಟ್ಟವಳು ನೀನು. ನಿನ್ನ ಹೆಗಲು ತಾಳುವಷ್ಟು ಹೊರೆಯನ್ನು ನೀನು ಆರಿಸಿಕೊಂಡಿದ್ದೀಯ. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುತ್ತಿಲ್ಲ.

ಈಗ ನಿನ್ನಪ್ಪನ ವಿಷಯ. ಬಣ್ಣದ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ದಿನವಿಡೀ ಡಬ್ಬಿ ತೆರೆದು ಇದು ಸರಿ, ಇದು ಸರಿಯಿಲ್ಲ ಎನ್ನುವುದು ಅವನ ಕೆಲಸ ತಾನೇ? ಮನೆಗೆ ಬಂದ ಮೇಲೂ ಅದೇ ಚಾಳಿ. ಫಾರಂ ಓದಿದ, ಮಡಚಿದ, ಕೆಲಸದ ಚೀಲಕ್ಕೆ ಹಾಕಿಕೊಂಡ. ದಿನಾ ಅದು ಅವನ ಜೊತೆ ಕಾರ್ಖಾನೆಗೆ ಹೋಗಿ ಬರುತ್ತಿತ್ತು. ಕೇಳಿದರೆ, "ಯೋಚನೆ ಮಾಡ್ತಿದ್ದೀನಿ" ಅನ್ನುತ್ತಿದ್ದ.

"ಓದೋಳು ಅವಳು. ನಿನಗೇನಪ್ಪ ಯೋಚನೆ?" ಎಂದೆ.

"ಅಮ್ಮ, ಅವಳಿಗೆ ತಲೆ ಇದೆ. ತಲೆ ಇರೋಳು ಚರಂಡಿ ನೀರು ಅಳೀತಾ ಕೂರ್ಬೇಕಾ? ಭೌತಶಾಸ್ತ್ರ ತಗೊಂಡ್ರೆ ನಾಳೆ ನಾಲ್ಕು ಬಾಗಿಲು ತೆರೀತವೆ."

"ಅವಳು ಹೋಗ್ಬೇಕಾಗಿರೋದು ಒಂದೇ ಬಾಗಿಲಲ್ಲಿ. ಅದು ಈಗ್ಲೇ ತೆರೆದಿದೆ."

"ಕಷ್ಟ ಅಂತ ಬಿಟ್ಬಿಟ್ರೆ ಆಗುತ್ತಾ? ನಾನು ಓದ್ಲಿಲ್ವಾ?"

ನಾನು ಎದ್ದೆ. ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದೆ.

ಭಾನುವಾರ ಅವನು ದೊಡ್ಡ ಫಿರಂಗಿಯನ್ನೇ ತಂದ. ನಮ್ಮ ಶಾಲೆಯ ಹಳೆಯ ಭೌತಶಾಸ್ತ್ರದ ಮೇಷ್ಟ್ರು, ಬೆನ್ನ ಹಿಂದೆ ಎಲ್ಲರೂ ಸೊನ್ನೆ ಮೇಷ್ಟ್ರು ಅನ್ನುತ್ತಿದ್ದವರು. ಅವರು ನಿವೃತ್ತರಾಗಿ ಯಾವ ಕಾಲವಾಯಿತೋ, ಜೇಬಿನಲ್ಲಿ ಇನ್ನೂ ಕೆಂಪು ಪೆನ್ನು ಇದೆ. ನಿನ್ನಮ್ಮ ಕೊಟ್ಟ ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಾ, "ಏನಮ್ಮ, ಮೊಮ್ಮಗಳನ್ನ ದಡ್ಡರ ಬೆಂಚಿಗೆ ಕಳಿಸ್ತೀರಂತೆ?" ಎಂದರು.

"ಇರಿ ಸಾರ್, ಒಂದು ಲೆಕ್ಕ ಕೇಳ್ತೀನಿ. ವರ್ಷದ ಮೊದಲ್ನೇ ಪ್ರಯೋಗಕ್ಕೆ ನಾನು ನಿಮ್ಮ ಮೇಜಿನ ಮೇಲೆ ಎಷ್ಟು ಸೆಟ್ ಸಾಮಾನು ಜೋಡಿಸ್ತಿದ್ದೆ?"

"ಇಪ್ಪತ್ತು."

"ಕೊನೇ ಪ್ರಯೋಗಕ್ಕೆ?"

ಅವರು ಲೋಟ ನೋಡಿದರು. ಬಿಸ್ಕತ್ತು ಆಗಲೇ ಮುರಿದು ಚಹಾದಲ್ಲಿ ಮುಳುಗಿತ್ತು.

"ಹನ್ನೊಂದು ಸಾರ್. ಒಂದು ವರ್ಷ ಒಂಬತ್ತು. ಒಂದು ಮಸೂರ ಕಡಿಮೆ ಆದ್ರೆ ಇಡೀ ಕಟ್ಟಡ ಹುಡುಕಿಸ್ತಿದ್ರಿ. ಒಂಬತ್ತು ಮಕ್ಕಳು ಕಡಿಮೆ ಆದ್ರೆ ಎಲ್ಲಿ ಹೋದ್ರು ಅಂತ ಒಂದಿನಾನೂ ಕೇಳ್ಲಿಲ್ಲ."

"ಅವರಿಗೆ ಯೋಗ್ಯತೆ ಇರ್ಲಿಲ್ಲ."

"ಉಗ್ರಾಣದಲ್ಲಿ ತಕ್ಕಡಿಗಳ ಹಿಂದೆ ಕೂತು ಅಳ್ತಿದ್ರು ಸಾರ್. ನೀರು ಕೊಟ್ಟು ಮುಖ ತೊಳೆಸಿ ಕಳಿಸ್ತಿದ್ದೋಳು ನಾನು. ಹಾಗೆ ಅತ್ತು ಬೇರೆ ವಿಷಯಕ್ಕೆ ಹೋದ ಒಬ್ಬಳು ಇವತ್ತು ನ್ಯಾಯಾಧೀಶೆ. ದಾರೀಲಿ ಸಿಕ್ಕಿದ್ರೆ ನನ್ನನ್ನ ಮಾತಾಡಿಸ್ತಾಳೆ. ನಿಮ್ಮನ್ನ ಕಂಡ್ರೆ ಈಗ್ಲೂ ರಸ್ತೆ ದಾಟಿ ಆ ಕಡೆಗೆ ಹೋಗ್ತಾಳಂತೆ."

"ನಿಮ್ಮ ಬಾಯಿ ಇನ್ನೂ ಹಾಗೇ ಇದೆಯಲ್ಲಮ್ಮ."

"ಹಲ್ಲು ಮಾತ್ರ ಹೋಗಿವೆ ಸಾರ್."

ಅವರು ನಕ್ಕರು, ಸುಳ್ಳು ಹೇಳಬಾರದು. ಹೋಗುವಾಗ ಗೇಟಿನ ಹತ್ತಿರ ನಿನ್ನಪ್ಪನಿಗೆ, "ಅವರ ಲೆಕ್ಕ ಸರಿ ಇದೆ ಕಣಯ್ಯ" ಎಂದರಂತೆ. ನಿನ್ನಪ್ಪ ಆವತ್ತಿನಿಂದ ಮುಖ ಊದಿಸಿಕೊಂಡು ಓಡಾಡಿದ. ಫಾರಂ ಮಾತ್ರ ಚೀಲದಿಂದ ಹೊರಗೆ ಬರಲಿಲ್ಲ.

ನಿನ್ನೆ ಸಂಜೆ ನನ್ನ ತಾಳ್ಮೆ ಮುಗಿಯಿತು. ಅವನು ಬಂದು ಚೀಲವನ್ನು ಗೋಡೆಯ ಮೊಳೆಗೆ ತಗುಲಿಸಿದ್ದೇ ತಡ, ಅವನ ಕಣ್ಣೆದುರಿಗೇ ಫಾರಂ ತೆಗೆದುಕೊಂಡು ನಿನ್ನಮ್ಮನ ಹತ್ತಿರ ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಎರಡೂ ಕಡೆ ಶಾಲೆಯ ಸಮವಸ್ತ್ರದ ರಾಶಿ. "ತಂದೆ ಅಥವಾ ತಾಯಿ ಅಂತ ಬರೆದಿದ್ದಾರೆ. ಅಜ್ಜಿ ಅಂತ ಇದ್ದಿದ್ರೆ ನಿನಗೆ ತೊಂದರೆ ಕೊಡ್ತಿರ್ಲಿಲ್ಲ" ಎಂದೆ.

ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. "ಅವಳಿಗೆ ಏನು ಬೇಕಂತೆ ಅತ್ತೆ?"

"ನಿದ್ದೆ ಬೇಕಂತೆ."

"ಪೆನ್ನು ಕೊಡಿ."

ನಿನ್ನಪ್ಪ ಬಾಗಿಲಲ್ಲಿ ನಿಂತು, "ಸ್ವಲ್ಪ ಯೋಚನೆ ಮಾಡಿ ಹಾಕು" ಎಂದ. ನಿನ್ನಮ್ಮ ತಲೆ ಎತ್ತದೆ, "ಹದಿನಾರು ವರ್ಷದಿಂದ ಅವಳ ಬಗ್ಗೆ ಯೋಚನೆ ಮಾಡ್ತಿರೋದು ನೀವೊಬ್ರೇ ಅಲ್ಲ" ಎಂದು ಹೇಳಿ ಸಹಿ ಹಾಕಿದಳು. ಅವಳು ಗಂಡನಿಗೆ ಅಷ್ಟು ಉದ್ದದ ಉತ್ತರ ಕೊಟ್ಟಿದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ. ಮತ್ತೆ ಸೂಜಿಗಳನ್ನು ಬಾಯಿಗೆ ಹಾಕಿಕೊಂಡು ಯಂತ್ರ ತುಳಿಯತೊಡಗಿದಳು. ನಿನ್ನಪ್ಪ ಹೊರಗೆ ಹೋಗಿ ಬೂಟಿಗೆ ಪಾಲಿಷ್ ಹಾಕುತ್ತಾ ಕೂತ.

ಈಗ ಆ ಕಾಗದ ಬಿಚ್ಚಿ ನೋಡು. ಪೆನ್ಸಿಲಿನ ಚಿಹ್ನೆಯನ್ನು ಹಾಗೇ ಬಿಟ್ಟಿದ್ದೇನೆ, ಅದನ್ನು ನಿನ್ನ ಕೈಯಿಂದಲೇ ಅಳಿಸಿ ಕಚೇರಿಗೆ ಕೊಡಬೇಕು. ನಿನ್ನ ಕೊಠಡಿಯ ಹುಡುಗಿಯರು ಅದನ್ನು ಗಿಡಕ್ಕೆ ನೀರು ಹಾಕುವ ವಿಷಯ ಎಂದು ಆಡಿಕೊಳ್ಳುತ್ತಾರೆಂದು ಬರೆದಿದ್ದೆಯಲ್ಲ, ಆಡಿಕೊಳ್ಳಲಿ. ಯಾಕೆ ತೆಗೆದುಕೊಂಡೆ ಎಂದು ಯಾರಾದರೂ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಇದು ನನ್ನಿಂದ ಆಗುತ್ತೆ, ಅದಕ್ಕೆ ತಗೊಂಡೆ ಎಂದು ತಲೆಯೆತ್ತಿ ಹೇಳು. ಸಂಶೋಧನೆಗೆ ದೂರ ಹೋಗಬೇಕಾಗಿಲ್ಲ. ನಿಮ್ಮ ಹಾಸ್ಟೆಲಿನ ಬಟ್ಟೆ ಒಗೆಯುವ ಜಾಗದ ಹಿಂದೆ ಸೋಪಿನ ನೀರು ಹರಿಯುತ್ತದಲ್ಲ, ಅದು ಹೋಗಿ ಸೇರುವ ಕಡೆ ಹುಲ್ಲು ಹೇಗಿದೆ ಎಂದು ನೋಡು. ಸೀಸೆಗೆ ನೀರು ತುಂಬುವ ಮುಂಚೆ ಅದೇ ನೀರಿನಿಂದ ಮೂರು ಸಲ ಜಾಲಿಸು, ಇಲ್ಲದಿದ್ದರೆ ನಿನ್ನ ಅಳತೆಯೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ಕೆಲಸ ಆದ ಮೇಲೆ ತೊಟ್ಟಿಯನ್ನು ನೀನೇ ತೊಳೆ. ಅಲ್ಲೂ ನನ್ನಂಥವಳೊಬ್ಬಳು ಇರುತ್ತಾಳೆ.

ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು. ನೀನು ಆರಿಸಿಕೊಂಡದ್ದು ನಿನ್ನ ಕೈ ಹಿಡಿಯಲಿ, ನಿನಗೆ ಯಾವತ್ತೂ ಒಳ್ಳೆಯದೇ ಆಗಲಿ.

ನಿನ್ನ ಬಾಯಿಬಡುಕಿ
ಅಜ್ಜಿ

ತಾ.ಕ.: ಇದು ಶುಕ್ರವಾರ ಬೆಳಿಗ್ಗೆ. ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ.

ಮೇಲೆ ಬರೆದದ್ದನ್ನು ಓದಿದರೆ ನಾನೇನೋ ದೊಡ್ಡ ನ್ಯಾಯವಂತೆ ಎಂದು ನೀನು ತಿಳಿಯುತ್ತೀಯ. ನಿನ್ನಪ್ಪನಿಗೆ ನಿನ್ನ ವಯಸ್ಸಾಗಿದ್ದಾಗ ನಮ್ಮ ಶಾಲೆಯಲ್ಲೂ ಇಂಥದೇ ಫಾರಂ ಇತ್ತು. ಅವನು ಭೂವಿಜ್ಞಾನ ಎಂದು ಬರೆದಿದ್ದ. ಆಗ ಅವನಿಗೆ ಕಲ್ಲುಗಳೆಂದರೆ ಪ್ರಾಣ, ಬೆಣಚುಕಲ್ಲು ತುಂಬಿ ತುಂಬಿ ಅವನ ಒಂದು ಜೇಬೂ ನೆಟ್ಟಗಿರಲಿಲ್ಲ. ಕಚೇರಿಗೆ ಕೊಡಮ್ಮ ಎಂದು ಫಾರಂ ನನ್ನ ಕೈಗಿಟ್ಟ. ನನಗೆ ಬೇರೆಯೇ ಹುಚ್ಚು. ನಾನು ತೊಳೆದಿಟ್ಟ ಸೀಸೆಗಳ ಆಚೆ ಕಡೆ, ರಸಾಯನಶಾಸ್ತ್ರದ ಮುಂದಿನ ಬೆಂಚಿನಲ್ಲಿ, ನನ್ನ ಮಗ ಕೂರಬೇಕು. ಮೇಜಿನ ಮೇಲಿನ ಶಾಯಿ ಕಲೆ ತೆಗೆಯಲು ನಾವು ಬ್ಲೀಚಿಂಗ್ ನೀರು ಬಳಸುತ್ತಿದ್ದೆವು. ಕಡ್ಡಿಯ ತುದಿಯನ್ನು ಅದಕ್ಕೆ ಅದ್ದಿ ಅವನು ಬರೆದದ್ದನ್ನು ಅಳಿಸಿದೆ. ಕಾಗದ ಒಣಗಿದ ಮೇಲೆ ರಸಾಯನಶಾಸ್ತ್ರ ಎಂದು ನಾನೇ ಬರೆದೆ.

ಪಟ್ಟಿ ಹಾಕಿದ ದಿನ ಅವನು ಓಡಿಬಂದು ಕೇಳಿದ. "ಗುಮಾಸ್ತ ತಪ್ಪು ಬರ್ಕೊಂಡಿದ್ದಾನೆ, ಇನ್ನು ಬದಲಾಯಿಸೋಕೆ ಆಗಲ್ವಂತೆ" ಎಂದೆ. ಅವನು ಕಚೇರಿಯ ಕಿಟಕಿಗೆ ಹೋಗಿ ಫಾರಂ ತೆಗೆಸಿ ನೋಡಿ ಬಂದ. ಮರುದಿನ ಹೋಗಿ ರಸಾಯನಶಾಸ್ತ್ರದ ಬೆಂಚಿನಲ್ಲಿ ಕೂತ. ಪ್ರಯೋಗಶಾಲೆಯ ಪ್ರತಿ ಸೀಸೆಯ ಮೇಲಿನ ಚೀಟಿ ಬರೆಯುತ್ತಿದ್ದವಳು ನಾನು, ಆ ಅಕ್ಷರ ಇಡೀ ಶಾಲೆಗೆ ಗೊತ್ತಿತ್ತು. ಆದರೂ ಅವನು ನನ್ನ ಮಾತನ್ನು ನಂಬಿದ ಎಂದು ಮೂವತ್ತೆರಡು ವರ್ಷ ಅಂದುಕೊಂಡೇ ಬಂದೆ. ಓದಿದ, ಒಳ್ಳೆಯ ಅಂಕ ತೆಗೆದ, ಕೆಲಸ ಸಿಕ್ಕಿತು. ಕಲ್ಲುಗಳು ಎಲ್ಲಿ ಹೋದವೋ ನಾನು ಕೇಳಲಿಲ್ಲ.

ಈಗ ಅರ್ಧ ಗಂಟೆಯ ಹಿಂದೆ, ನಿನ್ನ ಫಾರಂ ಮೇಜಿನ ಮೇಲೆ ಹರಡಿಕೊಂಡು, ಲಕೋಟೆಗೆ ವಿಳಾಸ ಬರೆಯಲು ಪೆನ್ನು ತೆಗೆದಿದ್ದೆ. ಕೆಲಸಕ್ಕೆ ಹೊರಟಿದ್ದ ನಿನ್ನಪ್ಪ ಬಂದು ಎದುರಿಗೆ ನಿಂತ. ಫಾರಂ ನೋಡಿದ, ನನ್ನ ಕೈಯಲ್ಲಿದ್ದ ಪೆನ್ನು ನೋಡಿದ.

"ಅವಳು ಬರೆದಿದ್ದು ಹಾಗೇ ಹೋಗ್ಲಿ ಅಮ್ಮ," ಎಂದ. "ಈ ಸಲ ಗುಮಾಸ್ತನ ಮೇಲೆ ಹಾಕ್ಬೇಡ."

ದನಿಯಲ್ಲಿ ಸಿಟ್ಟಿರಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದ. ಸಂಜೆ ಆರಕ್ಕೆ ಬರುತ್ತಾನೆ, ಬಂದ ಕೂಡಲೇ ಎದುರು ಕೂತು ಎಲ್ಲವನ್ನೂ ಹೇಳಿಬಿಡಬೇಕು ಅಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಬೇಕೆಂದು ಮಾತ್ರ ಇನ್ನೂ ತಿಳಿಯುತ್ತಿಲ್ಲ.