ಮಳೆಗಾಲಕ್ಕೆ ಕಿತ್ತಿಟ್ಟ ಶಿಲುಬೆ

ನಮ್ಮ ಮನೆಯವರಿಗೆ,

ಕೋವಿ ರಿಪೇರಿಗೆ ತಂದವರು ಅದನ್ನು ಮೇಜಿನ ಮೇಲಿಟ್ಟು, “ಖಾಲಿ ಉಂಟು, ಹೆದರ್ಬೇಡಿ” ಎಂದರೆ ನೀವು ಆಯಿತು ಎಂದು ತಲೆಯಾಡಿಸುತ್ತಿದ್ದಿರಿ. ಆಮೇಲೆ ಅವರ ಎದುರಿಗೇ ಕೋವಿಯನ್ನು ಮಡಿಸಿ, ಬಾಗಿಲ ಬೆಳಕಿಗೆ ಹಿಡಿದು, ನಳಿಗೆಯೊಳಗೆ ಕಣ್ಣಿಟ್ಟು ನೋಡುತ್ತಿದ್ದಿರಿ. ಸ್ವಂತ ತಮ್ಮ ತಂದರೂ ಅಷ್ಟೇ. ಹಂದಿ ಓಡಿಸಲು ಇಟ್ಟುಕೊಂಡಿದ್ದ ಹಳೇ ಕೋವಿಯನ್ನು ನಮ್ಮ ಪಾದ್ರಿಗಳು ತಂದಾಗಲೂ ನೋಡಿದಿರಿ, ಒಳಗೆ ತೋಟಾ ಇತ್ತು! ಅವತ್ತು ಮನೆಗೆ ಬಂದು ಕೈಕಾಲು ತೊಳೆಯುತ್ತಾ, “ರೀತಾ, ಕಳ್ಳರಾದರೆ ಪರವಾಗಿಲ್ಲ, ಈ ಒಳ್ಳೆಯವರನ್ನು ಕಂಡರೇ ನನಗೆ ಭಯ” ಎಂದಿರಿ. ಆ ಮಾತನ್ನು ನಾನು ಮರೆತಿಲ್ಲ. ಅದಕ್ಕೇ ಈ ಪತ್ರದ ಮೊದಲ ಪ್ರಶ್ನೆ ಇದು: ನೀವು ಎಲ್ಲಿದ್ದೀರಿ? ಸ್ವರ್ಗವೋ ಇನ್ನೊಂದೋ ಎಂಬುದನ್ನು ಪಾದ್ರಿಗಳು ನೋಡಿಕೊಳ್ಳಲಿ. ವಿರಾಜಪೇಟೆಯ ನಮ್ಮ ಚರ್ಚಿನ ಸ್ಮಶಾನದಲ್ಲಿ ಗೋಡೆ ಕಡೆಯ ಗೋರಿಯಲ್ಲಿದ್ದೀರೋ, ದಾರಿ ಕಡೆಯ ಗೋರಿಯಲ್ಲಿದ್ದೀರೋ, ಅದು ನನಗೆ ಬೇಕು.

ನೀವು ಹೋದ ದಿನ ಬೆಳಿಗ್ಗೆ ನನಗೆ ಅಳು ಬರುವ ಮೊದಲೇ ಚರ್ಚಿನ ಸೇವಾ ಸಂಘದವರು ಅಂಗಳಕ್ಕೆ ಬಂದಾಗಿತ್ತು. ಬಸ್ ಏಜೆಂಟ್ ಪಾಸ್ಕಲ್ ಮುಂದೆ, ಅವನ ಹಿಂದೆ ಆರೇಳು ಜನ. ಇವರನ್ನು ಕರೆದವರು ಯಾರು? ಒಬ್ಬ ಸೌದೆ ಒಡೆದ, ಒಬ್ಬ ಚರ್ಚಿನಿಂದ ಬೆಂಚು ಹೊತ್ತು ತಂದ, ಇನ್ನೊಬ್ಬ ಮೂರ್ನಾಡಿನಲ್ಲಿರುವ ನನ್ನ ತಂಗಿಗೆ ಸುದ್ದಿ ಮುಟ್ಟಿಸಲು ಹೊರಟೇ ಬಿಟ್ಟ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ನೇರ ಅಡುಗೆಮನೆ ಹೊಕ್ಕು ಕಾಫಿ ಕಾಸಿದರು. ನಾನು ನಿಮ್ಮ ತಲೆಯ ಹತ್ತಿರ ಕುಳಿತು ಅಳುತ್ತಲೇ ನೋಡುತ್ತಿದ್ದೆ, ಇವರೆಲ್ಲ ಏನನ್ನು ಎತ್ತಿಕೊಂಡು ಹೋಗುತ್ತಾರೋ ಎಂದು. ಸಂಜೆ ಎಲ್ಲರೂ ಹೋದ ಮೇಲೆ ಪಾತ್ರೆ ತಪಾಸಣೆ ಮಾಡಿದೆ. ಏನೂ ಕಡಿಮೆಯಾಗಿರಲಿಲ್ಲ. ನಮ್ಮದಲ್ಲದ ಒಂದು ದಪ್ಪ ಗಾಜಿನ ಲೋಟ ಹೆಚ್ಚಾಗಿತ್ತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಲೋಟ ಬಿಟ್ಟುಹೋಗಿ ಸುಮ್ಮನಿರುವವರು ಯಾರಾದರೂ ಇದ್ದಾರೆಯೇ?

ಪಕ್ಕದ ಬೇಕರಿಯ ದೇವಸ್ಸಿಯ ವಿಷಯ ನಿಮಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನೀವು ಹೋಗಿ ತಿಂಗಳು ತುಂಬುವ ಮೊದಲೇ ಅವನೂ ಎದೆನೋವಿನಲ್ಲಿ ಹೋದ. ಇಡೀ ಸಂಸಾರದ ಕಾಲ ನಾನು ಕೇಳುತ್ತಾ ಬಂದದ್ದು ನಿಮ್ಮಿಬ್ಬರ ಜಗಳವನ್ನೇ ಅಲ್ಲವೇ? ಎರಡು ಅಂಗಡಿಗೂ ಒಂದೇ ಗೋಡೆ. ಈ ಕಡೆ ನಿಮ್ಮ ಕೋವಿ ಮದ್ದು, ಆ ಕಡೆ ಅವನ ಒಲೆ. “ಮದ್ದಿನ ಪಕ್ಕ ಬೆಂಕಿ ಹಾಕಿ ಕೂತಿದ್ದೀಯಲ್ಲೋ” ಎಂದು ನೀವು. “ಬೆಂಕಿ ಪಕ್ಕ ಮದ್ದು ತಂದಿಟ್ಟದ್ದು ನೀನಲ್ಲಾ” ಎಂದು ಅವನು. ಯಾರು ಮೊದಲು ಬಂದವರು ಎಂಬುದು ಕಚೇರಿಗೆ ಅರ್ಜಿ ಹೋದರೂ ತೀರ್ಮಾನವಾಗಲಿಲ್ಲ. ಅಂಥವನನ್ನು ತಂದು ನಿಮ್ಮ ಪಕ್ಕಕ್ಕೇ ಇಳಿಸುತ್ತಾರೆಂದು ಗೊತ್ತಾದಾಗ ನಾನು ಪಾದ್ರಿಗಳ ಹತ್ತಿರ ಓಡಿದೆ. “ಇದು ಬಸ್ಸಲ್ಲಮ್ಮ, ಸೀಟು ಹಿಡಿಯಲಿಕ್ಕೆ. ಹೋದ ಸರದಿಯಲ್ಲೇ ಮಲಗುವುದು” ಎಂದುಬಿಟ್ಟರು. ಎರಡೂ ಗೋರಿಗೆ ಒಂದೇ ಥರದ ಮರದ ಶಿಲುಬೆ, ಒಂದೇ ಥರದ ಮಣ್ಣಿನ ದಿಬ್ಬ. ನಿಮ್ಮದು ಗೋಡೆ ಕಡೆಯದು ಎಂದು ನನ್ನ ನೆನಪು.

ಮಳೆಗಾಲಕ್ಕೆ ಮೊದಲು ಇಲ್ಲಿಯ ಜನ ಹೇಗೆ ಎಲ್ಲವನ್ನೂ ಒಳಗೆ ಸೇರಿಸುತ್ತಾರೆಂದು ನಿಮಗೆ ಗೊತ್ತಲ್ಲ. ಸೌದೆ ಒಳಗೆ, ಸೆಗಣಿ ಬೆರಣಿ ಒಳಗೆ, ಕಿಟಕಿಗೆ ತಟ್ಟಿ, ಕೋಳಿಗೂಡಿಗೆ ಹುಲ್ಲು. ಪಾಸ್ಕಲನ ತಲೆಗೆ ಹೊಸದೊಂದು ಬುದ್ಧಿ ಬಂತು. ಪ್ರತಿ ವರ್ಷ ಮಳೆಗೆ ಮರದ ಶಿಲುಬೆಗಳೆಲ್ಲ ಕೊಳೆತು ಬೀಳುತ್ತವೆ, ಬಡವರು ಮತ್ತೆ ಮತ್ತೆ ಎಲ್ಲಿಂದ ಮಾಡಿಸಬೇಕು? ಸರಿ, ಸಂಘದವರು ಒಂದು ಭಾನುವಾರ ಪೂಜೆ ಮುಗಿಸಿ ಸ್ಮಶಾನಕ್ಕೆ ನುಗ್ಗಿ, ಅಷ್ಟೂ ಶಿಲುಬೆಗಳನ್ನು ಕಿತ್ತು, ಗೇರೆಣ್ಣೆ ಬಳಿದು, ಗಂಟೆಗೋಪುರದ ಅಟ್ಟದಲ್ಲಿ ಬೆಚ್ಚಗೆ ಜೋಡಿಸಿಟ್ಟರು. ಯಾರೂ ಕೇಳದೆ, ಯಾರಿಗೂ ಹೇಳದೆ! ನನಗೆ ಗೊತ್ತಾಗುವ ಹೊತ್ತಿಗೆ ಮಳೆ ಹಿಡಿದಾಗಿತ್ತು. ಆ ಮಳೆಯಲ್ಲಿ ದಿಬ್ಬಗಳು ಕರಗಿದವು, ಹುಲ್ಲು ಮೊಣಕಾಲಿಗೆ ಬಂತು, ದನ ನುಗ್ಗಿ ತುಳಿದವು.

ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಬಂದಾಗ ನಿಮ್ಮ ಅಂಗಡಿಯ ಮುಂದೆ ಕೋವಿ ಹಿಡಿದವರು ಬಂದು, ಮುಚ್ಚಿದ ಹಲಗೆ ನೋಡಿ, ಟೊಪ್ಪಿ ತೆಗೆದು ಒಂದು ಕ್ಷಣ ನಿಂತು ಹೋದರು. ಅವತ್ತು ನನಗೆ ನಿಮ್ಮ ಹತ್ತಿರ ಬಂದು ಕುಳಿತುಕೊಳ್ಳಬೇಕೆನಿಸಿತು. ಹೋದರೆ ಶಿಲುಬೆಯೂ ಇಲ್ಲ, ದಿಬ್ಬವೂ ಇಲ್ಲ, ಬರೀ ಹುಲ್ಲು. ಸುಮ್ಮನೆ ಬೇಲಿ ಹಿಡಿದು ನಿಂತೆ. ಆಮೇಲೆ ಮಳೆ ಬಿಟ್ಟಿತು. ಮೃತರ ಹಬ್ಬ ಹತ್ತಿರ ಬಂತೆಂದು ಸಂಘದವರು ಹುಲ್ಲು ಸವರಿ, ದಿಬ್ಬಗಳಿಗೆ ಕೆಮ್ಮಣ್ಣು ಏರಿಸಿ, ಶಿಲುಬೆಗಳನ್ನು ಇಳಿಸಿ ನೆಟ್ಟರು. ಹೋಗಿ ನೋಡುತ್ತೇನೆ, ನಿಮ್ಮ ಹೆಸರು ದಾರಿ ಕಡೆಗಿದೆ. ಗೋಡೆ ಕಡೆಗೆ, ನೆರಳಿನಲ್ಲಿ, ದೇವಸ್ಸಿ!

ನಿಮ್ಮ ಹಾಗೆ ನಾನೂ ಪಾಸ್ಕಲನನ್ನು ಬೆಳಕಿಗೆ ಹಿಡಿದೆ. ಬಸ್ ಸ್ಟ್ಯಾಂಡಿನಲ್ಲೇ, ಜನರೆದುರಿಗೆ.

“ಏನಪ್ಪಾ, ಯಾರ ಶಿಲುಬೆ ಯಾರಿಗೆ ನೆಟ್ಟಿದ್ದೀರಾ?”

“ಎಂಥ ಮಾತು ಟೀಚರೇ! ಎಲ್ಲ ನೆನಪುಂಟು ನಮಗೆ. ತಲೆಯಲ್ಲಿ ಉಂಟು.”

“ಯಾರ ತಲೆಯಲ್ಲಿ?”

“ಎಲ್ಲರ ತಲೆಯಲ್ಲಿ ಮಾರಾಯ್ರೆ. ಸಂಘ ಅಲ್ವಾ?”

ಎಲ್ಲರ ತಲೆಯಲ್ಲಿ ಇರುವುದು ಯಾರ ತಲೆಯಲ್ಲೂ ಇರುವುದಿಲ್ಲವೆಂದು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಗೊತ್ತಿಲ್ಲವೇ? ಸಂಘದವರನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೇಳಿದೆ. ಒಬ್ಬ ಗೋಡೆ ಕಡೆ ಎಂದ. ಒಬ್ಬ ದಾರಿ ಕಡೆ ಎಂದ. ಕಲ್ಲು ಕೆಲಸದ ಮೇಸ್ತ್ರಿ ಚಿನ್ನಪ್ಪ ಕೈಕಟ್ಟಿ ನಿಂತು, “ಅಮ್ಮಾ, ನಿಮಗೆ ಯಾವ ಕಡೆ ಬೇಕೋ ಹೇಳಿ, ಆ ಕಡೆ ನೆಟ್ಟು ಕೊಡ್ತೀನಿ” ಎಂದ. ಎಷ್ಟು ಒಳ್ಳೆಯ ಮನುಷ್ಯ ನೋಡಿ! ಕೊನೆಗೆ ಪಾಸ್ಕಲನಿಗೆ, ನಮ್ಮವರ ಗುಂಡಿ ತೋಡಿದವರು ಯಾರು, ಅವರನ್ನೇ ಕೇಳುತ್ತೇನೆ ಎಂದೆ. ಅಷ್ಟಕ್ಕೇ, ಬಸ್ ಬಂತು ಟೀಚರೇ ಎಂದು ಎದ್ದು ಹೋದ. ಯಾವ ಬಸ್ಸೂ ಬಂದಿರಲಿಲ್ಲ. ಹೋಗುವಾಗ ಜೇಬಿನಿಂದ ಬೀಡಿ ತೆಗೆಯಲು ಹೋದವನ ಕೈಗೆ ಏನು ಬಂತು ಗೊತ್ತೇ? ಬನ್ನು. ದೇವಸ್ಸಿಯ ಬೇಕರಿಯ ಸಕ್ಕರೆ ಬನ್ನು.

ನೀವಾಗಿದ್ದರೆ ಅಲ್ಲಿಗೇ ಎಲ್ಲವನ್ನೂ ಜೋಡಿಸಿಬಿಡುತ್ತಿದ್ದಿರಿ. ನಾನೂ ಜೋಡಿಸಿದೆ. ದೇವಸ್ಸಿಯ ಹೆಂಡತಿ ಅನ್ನಮ್ಮ ಸಂಘದವರಿಗೆ ಬನ್ನು ತಿನ್ನಿಸಿ, ತನ್ನ ಗಂಡನಿಗೆ ನೆರಳಿನ ಜಾಗ ಮಾಡಿಸಿಕೊಂಡಿದ್ದಾಳೆ. ಜೀವ ಇರುವಾಗ ಗೋಡೆಗೆ ಜಗಳ, ಈಗಲೂ ಗೋಡೆಗೇ! ನಿಮಗೆಂದು ಮಾಡಿಸಿದ ಕಲ್ಲು ಚಿನ್ನಪ್ಪನ ಶೆಡ್ಡಿನಲ್ಲಿ ಸಿದ್ಧವಾಗಿತ್ತು. ಹಬ್ಬಕ್ಕೆ ಮೊದಲು ಗಾರೆ ಹಾಕಿ ಕೂರಿಸಬೇಕು. ಒಮ್ಮೆ ಕೂತರೆ ಕೂತಿತು. ಆಮೇಲೆ ನಾನು ಬದುಕಿರುವಷ್ಟು ಕಾಲ ದೇವಸ್ಸಿಯ ತಲೆಯ ಮೇಲೆ ಹೂವಿಟ್ಟು, ನೀವು ಪಕ್ಕದಲ್ಲಿ ಹುಲ್ಲಿನ ಕೆಳಗೆ ಕಾಯುತ್ತಾ... ಬೇಡ, ಅದನ್ನು ಬರೆಯಲಾರೆ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಅಳುವುದಕ್ಕೂ ಒಂದು ಜಾಗ ಬೇಕಲ್ಲ, ಅದೇ ಇಲ್ಲ ಎನಿಸಿತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ ಪಾಸ್ಕಲ್, ಅವನ ಹಿಂದೆ ನಾಲ್ಕು ಜನ, ಹೆಗಲ ಮೇಲೆ ಹಾರೆ, ಗುದ್ದಲಿ. ಮುಖದಲ್ಲಿ ಅದೇ ಉತ್ಸಾಹ.

“ಟೀಚರಿಗೆ ನಿದ್ದೆ ಇಲ್ಲ ಅಂತ ಗೊತ್ತಾಯ್ತು. ಬೇಡ, ಅಗೆದೇ ನೋಡುವಾ. ಹತ್ತು ಗಂಟೆಯೊಳಗೆ ಮುಚ್ಚಿ ಕೊಡ್ತೇವೆ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬೇಡ ಎಂಬ ಮಾತು ಬಾಯಿಂದ ಹೊರಡಲು ಎಷ್ಟು ಹೊತ್ತಾಯಿತೋ! ಅಗೆ ಎಂದಿದ್ದರೆ ಅಗೆಯುತ್ತಿದ್ದರು ನೋಡಿ, ಇವರು ಸಾಮಾನ್ಯರಲ್ಲ. ಕಾಫಿ ಕೊಟ್ಟು, ಪಾದ್ರಿಗಳಿಗೆ ಹೇಳುತ್ತೇನೆಂದು ಹೆದರಿಸಿ ಕಳಿಸಿದೆ. ಕಾಫಿ ಕುಡಿದು ಹೋಗುವಾಗ ಸುಮ್ಮನೆ ಹೋಗಲಿಲ್ಲ. ಹೇಗೂ ಗುದ್ದಲಿ ತಂದಿದ್ದೇವೆ ಎಂದು ನಮ್ಮ ಹಿತ್ತಲಿನ ಚರಂಡಿ ಸೋಸಿ ಹೋದರು.

ಅವತ್ತು ಮಧ್ಯಾಹ್ನವೇ ಬೇಕರಿಗೆ ಹೋದೆ. ನಿಮ್ಮ ಕಾಲದಲ್ಲಿ ಆ ಮೆಟ್ಟಿಲು ತುಳಿದವಳಲ್ಲ ನಾನು. ಅನ್ನಮ್ಮ ಒಲೆಯ ಮುಂದೆ ತಟ್ಟೆ ಉಜ್ಜುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ತನ್ನ ಮಲಯಾಳ ಬೆರೆಸಿ ಶುರು ಮಾಡಿದಳು.

“ಬನ್ನಿ ಟೀಚರೇ. ಪಾಸ್ಕಲನಿಗೆ ಹೇಳಿ ಶಿಲುಬೆ ಬದಲಾಯ್ಸಿದ್ದು ನೀವೇ ಅಲ್ವಾ? ನಮ್ಮವರು ದಾರಿ ಕಡೆ ಇದ್ದದ್ದು. ಎಂಡೆ ದೈವಮೇ, ಈಗ ಗೋಡೆಗೆ ಒತ್ತಿ ಹಾಕಿದ್ದಾರೆ. ಉಸಿರು ಕಟ್ಟೋದಿಲ್ವಾ ಅವರಿಗೆ? ಒಲೆ ಹತ್ರ ಬೆಂದ ಮನುಷ್ಯ, ಗಾಳಿ ಬೇಕು ಅವರಿಗೆ.”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಬನ್ನಿನ ವಿಷಯ ಕೇಳಿದೆ. ಕೆಲಸ ಮಾಡಿದವರಿಗೆ ಬನ್ನು ಕೊಡದೆ ಇನ್ನೇನು ಕಲ್ಲು ಕೊಡಲೇ ಎಂದಳು. ಹಾಗಾದರೆ ನಮ್ಮವರ ಗುಂಡಿ ತೋಡಿದವರು ಯಾರೆಂದರೆ ಪಾಸ್ಕಲ್ ಯಾಕೆ ಓಡುತ್ತಾನೆ ಎಂದೆ. ಅನ್ನಮ್ಮ ತಟ್ಟೆ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತಳು.

“ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ರು ಎಲ್ಲರ ಹತ್ರ. ನಮ್ಮವರೇ ಟೀಚರೇ, ತೋಡಿದ್ದು. ಅವತ್ತು ಒಲೆ ಹಚ್ಲಿಲ್ಲ. ಸಂಘದವರು ಬೇಡ ಚೇಟಾ, ವಯಸ್ಸಾಯ್ತು ಅಂದ್ರೂ ಕೇಳ್ಲಿಲ್ಲ, ಒಬ್ಬರೇ ತೋಡಿದ್ರು. ಮಧ್ಯದಲ್ಲಿ ನಿಮಗೆ ಅಂತ ಗಾಜಿನ ಲೋಟದಲ್ಲಿ ಕಾಫಿ ತಂದು ನಿಮ್ಮನೆ ಜಗಲಿಯಲ್ಲಿ ಇಟ್ಟು ಬಂದ್ರು. ಲೋಟ ಅಲ್ಲೇ ಬಿಟ್ರು, ಕೇಳ್ಲಿಕ್ಕೆ ನಾಚಿಕೆ.”

“ಯಾಕೆ?” ಎಂದೆ. ನಿಜವಾಗಿ ಹೇಳುತ್ತೇನೆ, ಆಗಲೂ ನನಗೆ ಅನುಮಾನ. ನಮ್ಮ ಅಂಗಡಿಯ ಮೇಲೆ ಕಣ್ಣಿತ್ತೋ, ಗೋಡೆಯ ಮೇಲೆ ಕಣ್ಣಿತ್ತೋ...

“ನಾನೂ ಕೇಳ್ದೆ ಯಾಕೆ ಅಂತ. ‘ಯಾರು ತೋಡಿದ್ರೂ ಅವನು ಆಳ ಸಾಲ್ದು ಅಂತಾನೆ, ನಾನು ತೋಡಿದ್ರೆ ನಂಬ್ತಾನೆ, ಮದ್ದಿನವನನ್ನ ಆಳಕ್ಕೆ ಹೂಳೋದು ನನಗೇ ಒಳ್ಳೇದಲ್ಲಾ’ ಅಂದ್ರು. ಹಾಗೆ ಹೇಳಿ ನಕ್ರು. ಆಮೇಲೆ ಈ ಬೆಂಚಿನ ಮೇಲೆ ಕೂತು, ‘ನಾಳೆ ಬೆಳಿಗ್ಗೆ ನಾನು ಯಾರ ಹತ್ರ ಮಾತಾಡೋದು ಅನ್ನಮ್ಮಾ’ ಅಂತ ಅತ್ರು.”

ನಾನು ಆ ಗೋಡೆಯನ್ನು ಆ ಕಡೆಯಿಂದ ನೋಡಿದ್ದು ಅವತ್ತೇ ಮೊದಲು. ಮಸಿ ಹಿಡಿದು ಕಪ್ಪಾಗಿತ್ತು. ಅದರ ಈ ಕಡೆ ನೀವು ಬೆಳಿಗ್ಗೆ ಎದ್ದು ಅರ್ಧ ಗಂಟೆ ಕೂಗಾಡದಿದ್ದರೆ ನಿಮಗೆ ಕಾಫಿ ರುಚಿಸುತ್ತಿರಲಿಲ್ಲ, ಅಲ್ಲವೇ? ಅದು ಜಗಳವೆಂದೇ ನಾನು ತಿಳಿದಿದ್ದೆ. ಬೆಂಚಿನ ಇನ್ನೊಂದು ತುದಿಯಲ್ಲಿ ನಾನೂ ಕುಳಿತೆ. ಇಬ್ಬರೂ ಅತ್ತೆವು. ನಮ್ಮಿಬ್ಬರ ನೆನಪೂ ಒಂದೇ, ನೀವು ಗೋಡೆ ಕಡೆ ಎಂದು; ಆದರೆ ಅತ್ತ ಕಣ್ಣಿನ ನೆನಪು, ಸಂಘದವರಲ್ಲೇ ಎರಡು ಮಾತು, ಅದನ್ನು ನಂಬಿ ಕಲ್ಲು ಕೂರಿಸುವುದು ಹೇಗೆ? ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಆ ಗುಂಡಿ ಯಾವುದೆಂದು ಖಂಡಿತವಾಗಿ ಹೇಳಬಲ್ಲವರು ಒಬ್ಬರೇ ಇದ್ದರು, ಅವರೂ ಈಗ ಅಲ್ಲೇ ಮಲಗಿದ್ದಾರೆ ಎಂದು.

ಲೋಟವನ್ನು ಮರುದಿನ ತೊಳೆದು ಕೊಟ್ಟುಬಂದೆ. ಚಿನ್ನಪ್ಪನಿಗೆ ನಾವಿಬ್ಬರೂ ಸೇರಿ ಹೇಳಿದೆವು: ಎರಡು ಕಲ್ಲು ಬೇಡ, ಎರಡೂ ಗೋರಿಗೆ ಸೇರಿ ಅಡ್ಡಲಾಗಿ ಒಂದೇ ಉದ್ದನೆಯ ಕಲ್ಲು. ಸಂಘದವರು ಅದನ್ನು ಕ್ವಾರಿಯಿಂದ ಹಗ್ಗ ಹಾಕಿ ಎಳೆದು ತಂದ ರಭಸ ನೋಡಬೇಕಿತ್ತು ನೀವು. ಪಾಸ್ಕಲನ ಹೆಬ್ಬೆರಳು ಜಜ್ಜಿಹೋಯಿತು. ಅದನ್ನೂ ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೇ ಓಡಾಡಿದ. ಹೆಸರುಗಳನ್ನು ಅಕ್ಕಪಕ್ಕ ಕೆತ್ತಿದರೆ ಮತ್ತೆ ಅದೇ ತಕರಾರು. ಅದಕ್ಕೆ ಕಲ್ಲಿನ ನಡುವೆ ಮೇಲೊಂದು ಕೆಳಗೊಂದು ಕೆತ್ತಿಸಿದೆವು. ನಿಮ್ಮದು ಮೇಲೆ, ಏಕೆಂದರೆ ಮೊದಲು ಹೋದವರು ನೀವು. ಇದಕ್ಕೆ ಅನ್ನಮ್ಮ ಸುಲಭವಾಗಿ ಒಪ್ಪಲಿಲ್ಲ. ಬೇಕರಿಯೇ ಮೊದಲು ಬಂದದ್ದು ಎಂದು ನನ್ನಿಂದ ಬಾಯಿಬಿಡಿಸಿಕೊಂಡು ಒಪ್ಪಿದಳು. ಕ್ಷಮಿಸಿ, ನಿಮ್ಮ ಕೇಸು ಬಿಟ್ಟುಕೊಟ್ಟೆ.

ಇವತ್ತು ಮೃತರ ಹಬ್ಬ. ಸಂಜೆ ಸಂಘದವರು ಪ್ರತಿ ಗೋರಿಗೂ, ಹೇಳುವವರು ಕೇಳುವವರು ಇಲ್ಲದ ಗೋರಿಗಳಿಗೂ ಮೇಣದ ಬತ್ತಿ ಹಚ್ಚಿದರು. ಗಾಳಿಗೆ ಆರಿದರೆ ಮತ್ತೆ ಹಚ್ಚುತ್ತಿದ್ದರು. ಇವರಿಗೆ ಇದರಿಂದ ಏನು ಸಿಗುತ್ತದೆ ಎಂದು ನಾನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ನೋಡಿ ನೋಡಿ ಕಣ್ಣು ನೋವು ಬಂತೇ ಹೊರತು ಏನೂ ಸಿಕ್ಕಲಿಲ್ಲ. ನಿಮಗೆ ಗೊತ್ತಿರಲಿ, ನಾನೂ ಸಂಘಕ್ಕೆ ಸೇರಿದ್ದೇನೆ. ಸೇವೆಗಲ್ಲ, ಕಾವಲಿಗೆ. ಬರುವ ಮಳೆಗಾಲಕ್ಕೆ ಇವರು ಶಿಲುಬೆ ಕೀಳುವಾಗ ಒಂದೊಂದು ಗುಣಿಯಲ್ಲೂ ನಾನೇ ನಿಂತು ಗುರುತಿನ ಗೂಟ ಹೊಡೆಸುತ್ತೇನೆ, ಇದು ಮಾತು. ಇನ್ನೊಂದು ಸುದ್ದಿ, ನಮ್ಮ ಕೊಡಗು ರಾಜ್ಯವನ್ನು ಮೈಸೂರಿಗೆ ಸೇರಿಸುತ್ತಾರಂತೆ. ಎಲ್ಲರಿಗೂ ಒಳ್ಳೆಯದಕ್ಕೇ ಎನ್ನುತ್ತಾರೆ. ಕೋವಿ ಮಡಿಸಿ ನೋಡದೆ ನಾನಂತೂ ನಂಬುವುದಿಲ್ಲ.

ನಿಮ್ಮ ಗುಂಡಿ ತೋಡಿದ್ದು ದೇವಸ್ಸಿಯವರು ಎಂದರೆ ನೀವೂ ನಂಬುವವರಲ್ಲ, ಗೊತ್ತು. ನಂಬಿಕೆ ಬಾರದಿದ್ದರೆ ಅವರನ್ನೇ ಕೇಳಿ. ಪಕ್ಕದಲ್ಲೇ ಇದ್ದಾರೆ. ಎಡಕ್ಕೋ ಬಲಕ್ಕೋ, ಅದೊಂದು ನನಗೆ ಗೊತ್ತಿಲ್ಲ.

ನಿಮ್ಮ,
ರೀತಾ