ಉಲ್ಟಾ ಬಳ್ಳಿ

ಹಲಸೂರು
9 ಫೆಬ್ರವರಿ 2025

ಪ್ರೀತಿಯ ಶಮೀಮ್ ಆಂಟಿಗೆ,

ಮಂಡಿನೋವು ಹೇಗಿದೆ? ಫೋನ್ ಮಾಡಿದರೆ ಅದೂ ಇದೂ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಣ್ಣದ ಕಾರ್ಖಾನೆಯ ಹೆಸರನ್ನೂ ಹಳೆಯ ಅಚ್ಚುಗಳನ್ನೂ ಅಪ್ಪ ಒಂದು ದೊಡ್ಡ ಕಂಪನಿಗೆ ಮಾರಿದ್ದಾರೆ. ಅವರ ಪುಸ್ತಿಕೆಗೆ ಕಾರ್ಖಾನೆಯ ಇತಿಹಾಸ ಬರೆಯುವ ಕೆಲಸ, ನಾನು ಸಾಹಿತ್ಯ ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ, ನನ್ನ ಪಾಲಿಗೆ ಬಂತು. ತಾತ ಮುನಿಆಂಜನಪ್ಪ ಸುಣ್ಣಕ್ಕೆ ಬಣ್ಣ ಕಲಸಿದ್ದು, ನಿಮ್ಮ ಅಬ್ಬಾ ಶಾಹಬಾಜ್ ಸಾಬರು ಶಿವಾಜಿನಗರದಿಂದ ಬಂದು ಮರದ ಅಚ್ಚು ಕೆತ್ತಿದ್ದು, ಆ ಅಚ್ಚಿನ ಗೋಡೆಕಾಗದ ದಂಡಿನ ಬಂಗಲೆಗಳಿಗೆಲ್ಲ ಹೋದದ್ದು, ಇಷ್ಟನ್ನೂ ಸಲೀಸಾಗಿ ಬರೆದೆ. ಅವುಗಳಲ್ಲೇ ಒಂದಾದ, ಹೂಬಳ್ಳಿ ಚಿತ್ತಾರದ 'ಬಳ್ಳಿ ಕಾಗದ'ದ ಹತ್ತಿರ ಬಂದು ಕೈ ನಿಂತಿತು.

ಕಂಪನಿಯ ಲಿಖಿತ್ ಎಂಬ ಹುಡುಗ ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡಿ, 'ಸರ್, ಇದು ಬಳ್ಳಿ ಅಲ್ಲ, ಕನ್ನಡ. ಜಯಮಾಲಾ ಅಂತಿದೆ' ಎಂದ. ಅಪ್ಪ ಅವನ ಮುಂದೆಯೇ ಎಲ್ಲ ಹೇಳಿಬಿಟ್ಟರು. ನಾನು ಕೇಳಿದ್ದೂ ಅದೇ ಮೊದಲು.

ಜಯಮಾಲತ್ತೆ ಶಾಲೆಯಲ್ಲಿ ನಿಮ್ಮ ಪಕ್ಕದಲ್ಲೇ ಕೂರುತ್ತಿದ್ದರಂತೆ. ಅಪ್ಪ ಹುಟ್ಟುವ ಮೊದಲೇ ಜ್ವರದಲ್ಲಿ ಹೋದವರು. ತಾತ ಮಗಳ ಹೆಸರು ಬರೆದುಕೊಟ್ಟು, ಹೂವಿನ ನಡುವೆ ಕೆತ್ತಿಕೊಡಿ ಎಂದರಂತೆ. ಅಚ್ಚಿನಲ್ಲಿ ಅಕ್ಷರ ಎಡಬಲ ತಿರುಗಿದ್ದರೇ ತಾನೆ ಕಾಗದದ ಮೇಲೆ ನೆಟ್ಟಗೆ ಬೀಳುವುದು; ಉರ್ದು ಹೆಸರಾಗಿದ್ದರೆ ನಿಮ್ಮ ಅಬ್ಬಾ ತಿರುಗಿಸಿಯೇ ಕೆತ್ತುತ್ತಿದ್ದರು. ಕನ್ನಡ ಓದಲು ಬಾರದ ಅವರು, ತಾತ ಮೊದಲೇ ತಿರುಗಿಸಿ ಬರೆದಿದ್ದಾರೆಂದು ನಂಬಿ ಕಂಡ ಹಾಗೆಯೇ ಕೆತ್ತಿದರು. ಕಾಗದದ ಮೇಲೆ ಹೆಸರು ಉಲ್ಟಾ ಬಿತ್ತು. ಬೇರೆ ಅಚ್ಚು ಕೆತ್ತುತ್ತೇನೆಂದು ಅವರು ಅತ್ತಾಗ ತಾತ ತಡೆದರಂತೆ: 'ಇರ್ಲಿ ಬಿಡಿ ಸಾಬ್ರೆ. ಮಾರಕ್ಕ ಓದಿದ್ರೆ ತಡ್ಕೊಳ್ಳಲ್ಲ. ಬಳ್ಳಿ ಅಂತಾನೇ ಹೇಳೋಣ.'

ಅಜ್ಜಿ ಮಾರಕ್ಕನ ಎದುರು ಆ ಹೆಸರನ್ನು ಇಂದಿಗೂ ಯಾರೂ ಎತ್ತುವುದಿಲ್ಲ. ಈಗ ಕಂಪನಿಯವರು ಅಕ್ಷರಗಳನ್ನು ನೆಟ್ಟಗೆ ಮಾಡಿ, ತೀರಿಕೊಂಡ ಹುಡುಗಿಯ ಕಥೆಯ ಜೊತೆ ಇಂದಿರಾನಗರದ ಅಂಗಡಿಯಲ್ಲಿ ಮಾರುತ್ತಾರಂತೆ. ಅಜ್ಜಿಗೆ ತಿಳಿದರೆ ಎಂದು ಕೇಳಿದೆ. 'ಅಮ್ಮ ಇಂದಿರಾನಗರಕ್ಕೆ ಶಾಪಿಂಗ್ ಹೋಗ್ತಾರಾ?' ಎಂದು ಅಪ್ಪ ನಕ್ಕರು.

ಇತಿಹಾಸದಲ್ಲಿ 'ಬಳ್ಳಿ' ಎಂದಷ್ಟೇ ಬರೆದಿದ್ದೇನೆ. ಲಿಖಿತ್ ಒಪ್ಪಲಿಲ್ಲ. ಕಥೆ ನಿಜವೇ ಎಂದು ಕೇಳಲು ಗುರುವಾರ ಕಮ್ಮನಹಳ್ಳಿಗೆ, ನಿಮ್ಮ ಮನೆಗೇ ಬರುತ್ತಾನೆ. ಆ ಅಚ್ಚು ಕೆತ್ತಿದ್ದನ್ನು ಕಂಡವರಲ್ಲಿ ಈಗ ಉಳಿದಿರುವುದು ನೀವೊಬ್ಬರೇ. ಕಥೆ ನಿಜವಲ್ಲ ಎಂದು ನೀವು ಹೇಳಿದರೆ ಅವರು ಅಚ್ಚು ಹಾಕುವುದಿಲ್ಲವಂತೆ. ಗೆಳತಿಯ ಹೆಸರನ್ನು ನಿಮ್ಮ ಬಾಯಿಂದಲೇ ಅಲ್ಲಗಳೆಯಿರಿ ಎಂದು ಕೇಳುವುದು ಎಂಥದ್ದೆಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿಮ್ಮ
ಹಂಸ

ತಾ.ಕ.: ಕಾಗದ ಮಡಿಸುವ ಮೊದಲು ಅಜ್ಜಿಯ ತಲೆ ಬಾಚಲು ಹೋದೆ. ಅವರ ಕೋಣೆಯ ಒಂದು ಗೋಡೆಗೆ ಇಂದಿಗೂ ಅದೇ ಬಳ್ಳಿ ಕಾಗದವಿದೆ. ಎದುರಿನ ಕನ್ನಡಿಯನ್ನು ಬೆಳಕಿಗೆ ತಿರುಗಿಸಹೋದರೆ ಅಜ್ಜಿ ನನ್ನ ಕೈ ಹಿಡಿದರು. 'ಅಲ್ಲೇ ಇರ್ಲಿ ಕಣೆ. ತಿರುಗಿಸಿದ್ರೆ ಅವಳ ಹೆಸರು ಕಾಣಲ್ಲ' ಎಂದರು. ತಾತನಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ. 'ಪಾಪ, ಬಳ್ಳಿ ಅಂತ ಹೇಳಿದ್ರಲ್ಲ. ಹೂಂ ಅಂದೆ' ಎಂದರು. ಲಿಖಿತ್ ಬಂದಾಗ ನೀವೂ ಬಳ್ಳಿ ಎಂದೇ ಹೇಳಿ, ಆಂಟಿ.