ಹಗ್ಗದ ಕಡೆ ನಿಂತವರು

ಮಂಗಳವಾರ, ಬೆಳಿಗ್ಗೆ ಎಂಟೂವರೆ
ವಿಮಾನ ನಿಲ್ದಾಣ, ಹನ್ನೊಂದನೆಯ ಗೇಟಿನ ಎದುರಿನ ಕುರ್ಚಿ

ನನ್ನ ಗುಬ್ಬೀ,

ನಿನ್ನ ಅಕ್ಕ ಬದುಕಿದ್ದಾಳೆ. ಇನ್ನೂ ನೆಲದ ಮೇಲೆಯೇ ಇದ್ದಾಳೆ. ವಿಮಾನ ಹೊರಡುವುದು ಹತ್ತೂವರೆಗೆ, ನಾನು ಬಂದು ಕೂತದ್ದು ಏಳಕ್ಕೆ. ತಡವಾದರೆ ಅದನ್ನೇ ನೆಪ ಮಾಡಿಕೊಂಡು ಮನೆಗೆ ವಾಪಸು ಓಡುತ್ತೇನೆಂದು ನಿಮ್ಮ ಭಾವನಿಗೆ ಗೊತ್ತು, ಅದಕ್ಕೇ ಬೆಳಗಾಗುತ್ತಲೇ ಎಬ್ಬಿಸಿ ಕರೆದುಕೊಂಡು ಬಂದರು. ಬಾಗಿಲ ಹತ್ತಿರ ನಿಂತು, ಹೋಗೇ, ನಿನ್ನಂಥವರನ್ನ ಅವರು ದಿನಾ ನೋಡ್ತಾರೆ, ಕಿರುಚಿದರೆ ಬಾಯಿಗೆ ಚಾಕಲೇಟು ತುರುಕಿ ಕೂರಿಸ್ತಾರೆ ಅಂದರು. ನಾನು ನಗಲಿಲ್ಲ. ಆಮೇಲೆ ಪಾಪ ಅವರೂ ನಗಲಿಲ್ಲ, ಬ್ಯಾಗಿನ ಜಿಪ್ಪು ಸರಿಯಾಗಿ ಹಾಕಿದೆಯೇ ಅಂತ ಮೂರು ಸಲ ನೋಡಿದರು.

ಎಷ್ಟು ಸಲ ಕರೆದೆ ನೀನು! ನಿನ್ನ ಮದುವೆಗೆ ಕರೆದಾಗ ಕಿವಿನೋವು ಅಂತ ಹೇಳಿದೆ. ಬಾಣಂತನಕ್ಕೆ ಕರೆದಾಗ ಮಂಡಿ. ನಿನ್ನ ಗಂಡ ಹೋದಾಗ ನೀನು ಕರೆಯಲೂ ಇಲ್ಲ, ಫೋನಿನಲ್ಲಿ ಬರೀ ಉಸಿರಾಡಿದೆ. ಆಗಲೂ ನಾನು, ವಿಮಾನ ಅಂದ್ರೆ ಎದೆ ಹೊಡ್ಕೊಳ್ಳುತ್ತೆ ಕಣೇ, ನನ್ನ ಕೈಲಿ ಆಗಲ್ಲ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಆ ದಿನವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಜೀವನವಿಡೀ ಪ್ಯಾರಾಚೂಟ್ ಮಡಚಿದವಳಿಗೆ ವಿಮಾನ ಕಂಡರೆ ಭಯವಂತೆ ಅಂತ ನಮ್ಮ ಬೀದಿಯವರೆಲ್ಲ ಆಡಿಕೊಂಡು ನಗುತ್ತಾರೆ. ನಗಲಿ ಬಿಡು.

ಈ ಸಲ ಮಾತ್ರ ನೆಪ ಹೇಳಲು ಬಾಯಿ ಬರಲಿಲ್ಲ. ಗುರುವಾರ ಬೆಳಿಗ್ಗೆ ಆಪರೇಷನ್ನು, ಹೃದಯದ ವಾಲ್ವ್ ಬದಲಿಸ್ತಾರಂತೆ ಅಂತ ನೀನು ತರಕಾರಿ ರೇಟು ಹೇಳುವ ಹಾಗೆ ಹೇಳಿದೆ. ಆಮೇಲೆ ಹೇಳಿದೆಯಲ್ಲ, ಆ ಮಾತು ನನ್ನನ್ನು ನಿದ್ದೆಗೆಡಿಸಿತು. ಒಪ್ಪಿಗೆ ಪತ್ರಕ್ಕೆ ಮಗಳೇ ಸಹಿ ಹಾಕಬಹುದು, ಆದರೆ ನಂಗೆ ನಿನ್ನ ಸಹಿನೇ ಬೇಕು ಅಕ್ಕಾ, ನನ್ನ ಹೆಸರಿನ ಪಕ್ಕ ನಿನ್ನ ಹೆಸರಿದ್ರೆ ನಂಗೆ ಧೈರ್ಯ ಅಂದೆ. ನಿನ್ನ ಹೆಸರಿನ ಪಕ್ಕ ನನ್ನ ಸಹಿ! ಗುಬ್ಬೀ, ಆ ಮಾತನ್ನು ತಿಳಿದು ಆಡಿದೆಯೋ ತಿಳಿಯದೆ ಆಡಿದೆಯೋ? ಕೇಳುವ ಧೈರ್ಯ ನನಗೆ ಬರಲಿಲ್ಲ. ಬರ್ತೀನಿ ಅಂದುಬಿಟ್ಟೆ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಕೈಯಾರೆ ಕೊಡುತ್ತೇನೆ. ಎದುರು ಕೂತರೆ ನನಗೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ಗೇಟಿನಲ್ಲಿ ಕರೆಯುತ್ತಿದ್ದಾರೆ. ನಾನಿನ್ನೂ ಕೂತೇ ಇದ್ದೇನೆ ಕಣೇ.

ಗಂಟೆ ಹನ್ನೆರಡು ಇರಬಹುದು. ಮೇಲೆ.

ಹತ್ತಿದೆ! ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಹಿಂದಿನವರು ತಳ್ಳಿದರು, ಮುಂದಿನವರು ನಡೆದರು, ನಡುವೆ ಸಿಕ್ಕಿಕೊಂಡು ನಾನೂ ಒಳಗೆ ಬಂದುಬಿಟ್ಟೆ.

ನನ್ನದು ಕಿಟಕಿಯ ಸೀಟು. ಪಕ್ಕದ್ದು ಖಾಲಿ. ಖಾಲಿ ಸೀಟಿನ ಬೆಲ್ಟನ್ನು ಯಾರೋ ಬಿಗಿಯಾಗಿ ಹಾಕಿಟ್ಟಿದ್ದಾರೆ, ಒಳಗೆ ಯಾರೋ ಕೂತಿರುವ ಹಾಗೆ. ನಾನು ಆ ಕಡೆ ನೋಡದೆ ಕೂತೆ. ಗಗನಸಖಿ ಬಂದು ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕೆಂದು ಕೈ ಆಡಿಸಿ ತೋರಿಸಿದಳು. ಎಲ್ಲರೂ ಆಕಳಿಸುತ್ತಿದ್ದರು. ನನಗೆ ಮಾತ್ರ ಒಂದೇ ಯೋಚನೆ: ಇದನ್ನು ಮಡಚಿದವರು ಯಾರು? ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ತಡಕಾಡತೊಡಗಿದೆ. ಅವಳು ಓಡಿ ಬಂದು, ಏನಮ್ಮ ಕಳ್ಕೊಂಡ್ರಿ, ಚಪ್ಪಲಿನಾ ಅಂತ ಕೇಳಿದಳು. ಕಾರ್ಡು ಹುಡುಕ್ತಿದೀನಮ್ಮ, ಮಡಚಿದವರ ಸಹಿ ಇರೋ ಕಾರ್ಡು ಅಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಒಳ್ಳೆಯ ಹುಡುಗಿ, ಮಂಡಿಯೂರಿ ಕೂತು ಅದನ್ನು ಎಳೆದು ತೋರಿಸಿದಳು. ಒಂದು ಚೀಟಿ ಇತ್ತು. ತಾರೀಖು, ಒಂದು ಮುದ್ರೆ, ಬಾಲ ಎಳೆದ ಒಂದು ಸಹಿ. ಒಂದೇ ಸಹಿ.

ಅದನ್ನು ನೋಡಿದಾಗ ನನ್ನ ಭಯ ಎಂಥದೆಂದು ನನಗೇ ಗೊತ್ತಾಯಿತು. ಎತ್ತರವಲ್ಲ, ಗಾಳಿಯಲ್ಲ, ರೆಕ್ಕೆ ಮುರಿಯುವುದೂ ಅಲ್ಲ. ಸಹಿ. ಈ ವಿಮಾನದ ಒಂದೊಂದು ಬೋಲ್ಟಿಗೂ ಯಾರೋ ಒಬ್ಬರು ಸರಿಯಿದೆ ಅಂತ ಸಹಿ ಹಾಕಿರುತ್ತಾರೆ. ಅವರಲ್ಲಿ ಒಬ್ಬಳು ನನ್ನಂಥವಳಾಗಿದ್ದರೆ? ಕಣ್ಣು ಮುಚ್ಚಿ, ಬಾಲ ಎಳೆದ ಸಹಿಯವಳೇ, ನೀನು ನನ್ನ ಗುಬ್ಬಿಯಂಥವಳಾಗಿರು ತಾಯಿ ಅಂತ ಬೇಡಿಕೊಂಡೆ. ವಿಮಾನ ಓಡತೊಡಗಿತು.

ಆಗ ನಾನು ಎಣಿಸಿದೆ. ಬೇರೇನು ಬರುತ್ತದೆ ನನಗೆ? ಇಪ್ಪತ್ತನಾಲ್ಕು ಹಗ್ಗ, ಇಪ್ಪತ್ತನಾಲ್ಕು ಮಡಿಕೆ. ಹಗ್ಗದ ಕಡೆ ನಿಂತವಳು ಬೆರಳ ಸಂದಿಯಲ್ಲಿ ಒಂದೊಂದೇ ಹಗ್ಗ ಹಿಡಿದು ಗಟ್ಟಿಯಾಗಿ ಎಣಿಸಬೇಕು, ಬಟ್ಟೆಯ ಕಡೆ ನಿಂತವಳು ಒಂದೊಂದು ಮಡಿಕೆ ಹಾಕುತ್ತ ಅದೇ ಅಂಕಿಯನ್ನು ತಿರುಗಿ ಹೇಳಬೇಕು. ಉಗುರಿನ ತುದಿ ಕೂಡ ಬಟ್ಟೆಗೆ ತಾಗಬಾರದೆಂದು ಸೂಪರ್‌ವೈಸರು ಬೆಳಿಗ್ಗೆ ನಮ್ಮ ಕೈ ನೋಡುತ್ತಿದ್ದರಲ್ಲ, ಶಾಲೆಯ ಮಕ್ಕಳ ಕೈ ನೋಡುವ ಹಾಗೆ. ಕೊನೆಯಲ್ಲಿ ಇಬ್ಬರ ಅಂಕಿಯೂ ತಾಳೆಯಾಗಬೇಕು. ಆಗದಿದ್ದರೆ ಪೂರ್ತಿ ಬಿಚ್ಚಿ ಮೊದಲಿನಿಂದ. ತಾಳೆಯಾದರೆ ಇಬ್ಬರ ಸಹಿ, ಕಾರ್ಡು ಚೀಲದ ಜೇಬಿಗೆ. ನಾವಿಬ್ಬರೂ ಆ ಉದ್ದನೆಯ ಮೇಜಿನ ಎರಡು ತುದಿಯಲ್ಲಿ ನಾಲ್ಕು ವರ್ಷ ನಿಂತೆವು.

ಹದಿನೇಳಾದ ಮೇಲೆ ತಡವರಿಸುವುದು ನನ್ನ ಹಳೆಯ ಚಾಳಿ. ಇವತ್ತೂ ತಡವರಿಸಿದೆ. ಚಕ್ರ ನೆಲ ಬಿಟ್ಟ ಆ ಗಳಿಗೆಯಲ್ಲಿ ಖಾಲಿ ಸೀಟಿನ ಕಡೆಯಿಂದ ಮೆಲ್ಲಗೆ, ನಗುವ ದನಿಯಲ್ಲಿ, ಹದಿನೆಂಟು ಕಣ್ರೀ ಅಂತ ಕೇಳಿಸಿತು.

ನಿನಗೆ ಗೊತ್ತು ಅದು ಯಾರ ದನಿಯೆಂದು. ಟೀಚರ್.

ಅವರ ವಿಷಯ ನಾವು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮಾತಾಡಿಲ್ಲ. ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವರು, ಭಾನುವಾರ ಮಾತ್ರ ಜಿಗಿಯಲು ಬರುತ್ತಿದ್ದವರು. ಬೇರೆ ಜಿಗಿಯುವವರು ನಮ್ಮ ಮೇಜಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇವರು ಮಾತ್ರ ಬಂದು ನಿಂತು, ನಾನು ತಡವರಿಸಿದರೆ, ಹದಿನೇಳಾದ್ಮೇಲೆ ಹದಿನೆಂಟು ಕಣ್ರೀ, ನನ್ನ ಎರಡನೇ ಕ್ಲಾಸಿನೋರೂ ಹೇಳ್ತಾರೆ ಅಂತ ಕಾಡಿಸುತ್ತಿದ್ದರು. ಒಂದು ಭಾನುವಾರ ಅವರು ಜಿಗಿದ ಪ್ಯಾರಾಚೂಟಿನಲ್ಲಿ ಎರಡು ಹಗ್ಗ ಅದಲುಬದಲಾಗಿತ್ತು. ಅದು ಅರ್ಧ ಬಿಚ್ಚಿ, ತಿರುಚಿಕೊಂಡು ನಿಂತಿತು. ಆಪತ್ತಿಗೆಂದಿದ್ದ ಎರಡನೆಯ ಪ್ಯಾರಾಚೂಟನ್ನು ಎಳೆದುಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಕಾರ್ಡಿನ ಮೇಲೆ ನಮ್ಮಿಬ್ಬರ ಸಹಿ ಇತ್ತು.

ಅವತ್ತು ಹಗ್ಗದ ಕಡೆ ನೀನಿದ್ದೆ, ಬಟ್ಟೆಯ ಕಡೆ ನಾನಿದ್ದೆ. ವಿಚಾರಣೆಯ ಕಾಗದದಲ್ಲಿ ಹಾಗೇ ಇದೆ. ಇಬ್ಬರಿಗೂ ಅವಸರವಿತ್ತು, ಇಬ್ಬರದೂ ತಪ್ಪು, ಆದರೆ ಹಗ್ಗ ಹಿಡಿದವಳದೇ ಹೊಣೆಯೆಂದು ನಿನ್ನನ್ನು ಕೆಲಸದಿಂದ ತೆಗೆದರು. ನಾನು ತುಟಿ ಪಿಟಕ್ಕೆನ್ನದೆ ನಿಂತಿದ್ದೆ. ಅದಕ್ಕಾಗಿ ನಿನ್ನ ಕ್ಷಮೆ ಕೇಳಬೇಕೆಂದೇ ಬರುತ್ತಿದ್ದೇನೆ. ಮೂರು ತಿಂಗಳಲ್ಲಿ ನೀನು ಯಾರದೋ ಮನೆಯ ಮಗು ನೋಡಿಕೊಳ್ಳಲು ಪರದೇಶಕ್ಕೆ ಹೋದೆ. ನಾನು ಅದೇ ಮೇಜಿನ ಮುಂದೆ ಕಳೆದ ವರ್ಷದ ತನಕ ನಿಂತೆ.

ನಿನಗೆ ಗೊತ್ತಿಲ್ಲದ್ದೊಂದಿದೆ. ನೀನು ಹೋದ ಮೇಲೆ ಟೀಚರ ತಾಯಿ ನಾವು ಮಡಚುವ ಶೆಡ್ಡಿಗೆ ಬಂದರು. ಜಗಳಕ್ಕಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಮಗಳ ಹಗ್ಗ ಹಿಡಿದೋರು ಯಾರಮ್ಮ, ಏನೂ ಅನ್ನಲ್ಲ, ಒಂದು ಸಲ ಆ ಕೈ ನೋಡ್ಬೇಕು ಅಂತ ಕೇಳಿದರು. ಅವಳು ಈಗ ಇಲ್ಲ, ದೂರ ಹೊರಟುಹೋದಳು ಅಂತ ನಾನೇ ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ನೀನು ಜೋಪಾನವಾಗಿ ಮಡಚಮ್ಮ ಅಂದರು. ಅವರ ಅಂಗೈ ಬಿಸಿಯಾಗಿತ್ತು.

ಅಂದಿನಿಂದ ಮನೆಯಲ್ಲಿ ಹೊದಿಕೆ ಮಡಚುವಾಗ ಆ ತುದಿಯನ್ನು ಯಾರೋ ಹಿಡಿದುಕೊಳ್ಳುತ್ತಾರೆ. ನಗಬೇಡ. ಒಗೆದ ಹೊದಿಕೆಯನ್ನು ಒಬ್ಬಳೇ ಕೊಡವಿ ಎತ್ತಿದರೆ, ಎದುರು ತುದಿ ಕೆಳಗೆ ಬೀಳುವುದಿಲ್ಲ, ಬಿಗಿಯಾಗಿ ನಿಲ್ಲುತ್ತದೆ, ನಾನು ಮಡಚಿದಷ್ಟೂ ಹತ್ತಿರ ಬರುತ್ತದೆ. ಕೊನೆಯ ಮಡಿಕೆಗೆ ಬಂದಾಗ ಯಾರೂ ಇರುವುದಿಲ್ಲ. ನಿಮ್ಮ ಭಾವನಿಗೆ ಹೇಳಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಅಷ್ಟೆ. ಈಗಷ್ಟೇ ವಿಮಾನದವರು ಕೊಟ್ಟ ಕಂಬಳಿಯನ್ನು ಮಡಚಿದೆ. ಖಾಲಿ ಸೀಟಿನ ಕಡೆಯ ತುದಿ ಬೀಳಲಿಲ್ಲ ಗುಬ್ಬೀ. ನಾನು ಮೊದಲ ಸಲ ಆ ಕಡೆ ತಿರುಗಿ ನೋಡಿದೆ. ಬೆಲ್ಟು ಮಾತ್ರ ಇತ್ತು.

ಆದರೂ ಒಂದು ಮಾತು ಹೇಳಲೇಬೇಕು. ಕಿಟಕಿಯ ಹೊರಗೆ ಬೆಳಕು ತುಂಬ ಚೆನ್ನಾಗಿದೆ. ಟೀಚರ್ ಯಾಕೆ ಭಾನುವಾರ ಭಾನುವಾರ ಬರುತ್ತಿದ್ದರೆಂದು ಈಗ ಗೊತ್ತಾಯಿತು. ಇದಕ್ಕಾಗಿ ಬರುತ್ತಿದ್ದರು. ನನಗೆ ಅಳು ಬಂತು. ಗಗನಸಖಿ ಬಂದು ನೀರು ಕೊಟ್ಟು, ಮೊದಲನೇ ಸಲನಾ ಅಮ್ಮ ಅಂತ ಕೇಳಿದಳು. ಹೌದಮ್ಮ, ತಂಗಿ ಮನೆಗೆ ಅಂದೆ. ಅಕ್ಕ ಬರ್ತಾಳೆ ಅಂದ್ರೆ ತಂಗಿಗೆ ಎಷ್ಟು ಖುಷಿ ಆಗಿರುತ್ತೋ ಅಂದಳು.

ನಿನ್ನ ಮಗಳು ಬಾಗಿಲಲ್ಲಿ ನಿಂತಿರುತ್ತಾಳೆ ಅಂದಿದ್ದೀಯ. ಫೋಟೋದಲ್ಲಿ ಬಿಟ್ಟರೆ ನೋಡಿಲ್ಲ, ಆದರೆ ನಿನ್ನ ಮೂಗು ಇದ್ದೇ ಇರುತ್ತದಲ್ಲ, ಗುರುತು ಹಿಡಿಯುತ್ತೇನೆ. ಧೈರ್ಯವಾಗಿರು. ನಾನು ಬಂದೆ.

ನಿನ್ನನ್ನು ನೋಡಲು ಇಷ್ಟು ವರ್ಷ ತೆಗೆದುಕೊಂಡ,
ನಿನ್ನ ಅಕ್ಕ

ವಿ.ಸೂ.: ಇಳಿದೆ. ನಿನ್ನ ಮಗಳು ಕಾರು ತರಲು ಹೋಗಿದ್ದಾಳೆ, ನಾನು ಬ್ಯಾಗಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಪ್ಪಿಕೊಂಡಾಗ ಅವಳು ನನ್ನ ಕಿವಿಯಲ್ಲಿ ಏನು ಹೇಳಿದಳು ಗೊತ್ತೇ? ಅಮ್ಮ ಯಾವಾಗಲೂ ಹೇಳ್ತಾಳೆ ದೊಡ್ಡಮ್ಮ, ನಿಮ್ಮಷ್ಟು ಚೆನ್ನಾಗಿ ಮಡಚೋರು ಯಾರೂ ಇರಲಿಲ್ಲವಂತೆ ಅಂದಳು. ಮಗಳಿಗೂ ಹೇಳಿಲ್ಲವೇ ನೀನು? ಇಷ್ಟು ವರ್ಷ ನಿನ್ನ ಸ್ವಂತ ಮಗಳಿಗೂ?

ಮೇಲೆ ಬರೆದದ್ದರಲ್ಲಿ ಸುಳ್ಳಿದೆ. ಹರಿದುಹಾಕೋಣವೆಂದುಕೊಂಡೆ, ಬೇಡ, ನೀನು ಅದನ್ನೂ ನೋಡು. ನಿನಗೇ ಬರೆಯುವ ಕಾಗದದಲ್ಲೂ ನನಗೆ ಅದೇ ಸುಳ್ಳು ಸಲೀಸಾಗಿ ಬಂತು, ಅಷ್ಟು ರೂಢಿಯಾಗಿದೆ. ಹಗ್ಗದ ಕಡೆ ನಾನಿದ್ದೆ. ಹದಿನೇಳರಲ್ಲಿ ತಡವರಿಸಿದವಳು ನಾನು. ನಾನು ಇಪ್ಪತ್ತನಾಲ್ಕು ಅಂದಾಗ ನಿನ್ನ ಕೈಯಲ್ಲಿ ಇಪ್ಪತ್ತಮೂರೇ ಮಡಿಕೆ ಇತ್ತು. ತಾಳೆ ಆಗ್ತಿಲ್ಲ ಅಕ್ಕಾ, ಬಿಚ್ಚೋಣ ಅಂತ ನೀನು ಎರಡು ಸಲ ಹೇಳಿದೆ. ಗೇಟಿನಲ್ಲಿ ನಿಮ್ಮ ಭಾವ, ಇನ್ನೂ ಭಾವನಾಗಿರಲಿಲ್ಲ, ಸಿನಿಮಾ ಟಿಕೆಟ್ ಹಿಡಿದು ಕಾಯುತ್ತಿದ್ದರು. ನಿಂಗೆ ಎಣಿಸೋಕೆ ಬರಲ್ಲ, ಸುಮ್ನೆ ಸಹಿ ಹಾಕೇ ಅಂತ ಗದರಿದೆ. ನೀನು ಯಾವತ್ತು ನನ್ನ ಮಾತು ಮೀರಿದ್ದೆ?

ವಿಚಾರಣೆಯಲ್ಲಿ ನಾನು ಸುಮ್ಮನೆ ನಿಂತಿರಲಿಲ್ಲ. ಅವರು ಕೇಳಿ ಮುಗಿಸುವ ಮೊದಲೇ ನನ್ನ ತಂಗಿ ಅಂತ ಹೇಳಿದೆ. ಆಮೇಲೆ ನಿನ್ನನ್ನು ಕೇಳಿದರು. ನೀನು ನನ್ನ ಮುಖ ನೋಡಿದೆ, ನನ್ನ ಮದುವೆಗೆ ಒಂದು ತಿಂಗಳಿತ್ತು, ಹೌದು ನಾನೇ ಅಂದೆ. ಆ ತಾಯಿ ಹುಡುಕಿಕೊಂಡು ಬಂದ ಕೈಯನ್ನೇ ಹಿಡಿದು ನೋಡಿದರು, ಅವರಿಗೆ ಗೊತ್ತಾಗಲಿಲ್ಲ.

ಒಪ್ಪಿಗೆ ಪತ್ರವನ್ನು ಆಮೇಲೆ ಕೊಡು, ಇದನ್ನು ಮೊದಲು ಓದು. ನಿನ್ನ ಮಗಳಿಗೂ ಓದಿಸು. ಓದಿದ ಮೇಲೂ ನನ್ನ ಸಹಿಯೇ ಬೇಕೆನಿಸಿದರೆ ಪೆನ್ನು ಕೊಡು, ಇಲ್ಲವಾದರೆ ಅವಳಿಗೆ ಕೊಡು. ಎರಡರಲ್ಲಿ ಯಾವುದಾದರೂ ನಾನು ಗುರುವಾರ ನಿನ್ನ ಬಾಗಿಲಲ್ಲೇ ಇರುತ್ತೇನೆ.

ನೀನು ಹೋದ ಮೇಲೆ ನಮ್ಮ ಕಾರ್ಡನ್ನು ಬದಲಿಸಿದರು. ಯಾರು ಯಾವ ಕಡೆ ನಿಂತಿದ್ದರೆಂದು ಬರೆಯಲೇಬೇಕೆಂದು ಎರಡು ಸಾಲು ಸೇರಿಸಿದರು, ನಮ್ಮಿಂದಾಗಿಯೇ. ಆ ಹೊಸ ಕಾರ್ಡನ್ನು ನೀನು ನೋಡಿಲ್ಲ. ಹೀಗಿರುತ್ತದೆ:

ಹಗ್ಗದ ಕಡೆ: ಅಕ್ಕ
ಬಟ್ಟೆಯ ಕಡೆ: ತಂಗಿ
ಎಣಿಕೆ: ತಾಳೆಯಾಗಲಿಲ್ಲ